ಅಪ್ಪನ ಪುಟ್ಟ ಕೋಲ್ಟ್ ಪಿಸ್ತೂಲು: ರಾತ್ರಿ ಗಲ್ಲಾ ದುಡ್ಡಿನ ಜೊತೆ ಇಟ್ಟುಕೊಂಡು ಓಡಾಡಬಹುದಾ?

ಗಲ್ಲಾ_ಶೆಟ್ಟಿ, ನಿಗಡಿ

ಎಲ್ಲರಿಗೂ ನಮಸ್ಕಾರ. ಪುಣೆ ಕನ್ನಡಿಗರ ಈ ಗುಂಪಿನಲ್ಲಿ ಹೆಚ್ಚಾಗಿ ಬಾಡಿಗೆ ಮನೆ, ಊರಿಗೆ ಬಸ್ಸು, ಮಕ್ಕಳಿಗೆ ಕನ್ನಡ ಕ್ಲಾಸು ಇಂಥದ್ದನ್ನೇ ಕೇಳುವುದು. ನನ್ನ ಪ್ರಶ್ನೆ ಸ್ವಲ್ಪ ಬೇರೆ ಥರ. ನಗಬೇಡಿ.

ದಾಪೋಡಿ ಹತ್ತಿರ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಅಪ್ಪ 1971ರಲ್ಲಿ ಕಾರ್ಕಳದಿಂದ ಬಂದು ಹಾಕಿದ್ದು. ಮನೆ ನಿಗಡಿಯಲ್ಲಿ. ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದು, ಗಲ್ಲಾದ ದುಡ್ಡನ್ನು ರೆಕ್ಸಿನ್ ಚೀಲಕ್ಕೆ ತುಂಬಿಸಿ, ಸ್ಕೂಟರ್ ಮೇಲೆ ಹಳೇ ಮುಂಬೈ-ಪುಣೆ ರಸ್ತೆಯಲ್ಲಿ ಮನೆಗೆ. ಇಪ್ಪತ್ತು ವರ್ಷದಿಂದ ಇದೇ ನಡೆದಿದೆ. ಹೋದ ತಿಂಗಳು ಕಾಸಾರವಾಡಿ ದಾಟುತ್ತಿದ್ದಂತೆ ಬೈಕಿನಲ್ಲಿ ಇಬ್ಬರು ಪಕ್ಕಕ್ಕೆ ಬಂದು ಚೀಲಕ್ಕೆ ಕೈ ಹಾಕಿದರು. ನಾನು ಬಿಡಲಿಲ್ಲ. ಗಾಡಿ ಸಮೇತ ಬಿದ್ದೆ. ಚೀಲ ಉಳಿಯಿತು, ಮೊಣಕೈ ಹೋಯಿತು. ಚೀಲದಲ್ಲಿ ಇದ್ದದ್ದು ಒಂಬತ್ತು ಸಾವಿರ ಚಿಲ್ಲರೆ ಮತ್ತು ಮರುದಿನದ ತರಕಾರಿ ಚೀಟಿ.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಾಗ ಅಪ್ಪನ ಗೋದ್ರೆಜ್ ಕಪಾಟು ನೆನಪಾಯಿತು. ಅದರಲ್ಲಿ ಒಂದು ಪಿಸ್ತೂಲಿದೆ. ಹೋಟೆಲಿಗೆ ದಿನಾ ಬನ್ ಮಸ್ಕಾ ತಿನ್ನಲು ಬರುತ್ತಿದ್ದ ಒಬ್ಬ ಪಾರ್ಸಿ ಮುದುಕರಿಂದ ಅಪ್ಪ 1974ರಲ್ಲಿ ಲೈಸೆನ್ಸ್ ಮಾಡಿಸಿ ಕೊಂಡದ್ದು. ಅಮೆರಿಕದ ಕೋಲ್ಟ್ ಕಂಪನಿಯದು, 'ವೆಸ್ಟ್ ಪಾಕೆಟ್' ಅನ್ನುತ್ತಾರಂತೆ, .25 ಬೋರು, ಅಂದರೆ ನಳಿಗೆಯ ತೂತಿನ ಅಳತೆ. ಉದ್ದ ಹನ್ನೊಂದೂವರೆ ಸೆಂಟಿಮೀಟರು. ಮೈಸೂರ್ ಸ್ಯಾಂಡಲ್ ಸೋಪಿಗಿಂತ ಸ್ವಲ್ಪ ಉದ್ದ, ಅಷ್ಟೇ. ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ಕುದುರೆ ಚಿತ್ರ. ಕಪ್ಪು ಬಣ್ಣ ಸವೆದು, ಅಪ್ಪನ ಹೆಬ್ಬೆಟ್ಟು ಕೂರುವ ಜಾಗದಲ್ಲಿ ಕಂದು ತುಕ್ಕು ಹೆಬ್ಬೆಟ್ಟಿನ ಆಕಾರದಲ್ಲೇ ಇದೆ. ಪ್ರತಿ ಆಯುಧಪೂಜೆಗೆ ಗ್ರೈಂಡರು, ಕ್ಯಾಶ್ ಪೆಟ್ಟಿಗೆ, ಸ್ಕೂಟರ್ ಜೊತೆ ಅದಕ್ಕೂ ಕುಂಕುಮ. ಲೈಸೆನ್ಸ್ ಪುಸ್ತಕ ಅಪ್ಪನ ಹೆಸರಲ್ಲಿದೆ. ರಿನೀವಲ್ ಆಗಿದೆ, ಯುಐಎನ್ ಅನ್ನುವ ಗುರುತಿನ ನಂಬರ್ ಇದೆ, ಆಲ್ ಇಂಡಿಯಾ ಅಂತ ಸೀಲೂ ಇದೆ. ಅಪ್ಪನಿಗೆ ಈಗ 81. ಎಲೆಕ್ಷನ್ ಬಂದಾಗಲೆಲ್ಲ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಿ, ಠಾಣೆಯಲ್ಲಿ ಅದನ್ನು ಇಡಿಸಿ, ರಸೀದಿ ತರುವುದು ನನ್ನ ಕೆಲಸ. ಅದಕ್ಕಿಂತ ಜಾಸ್ತಿ ನನಗೂ ಅದಕ್ಕೂ ಸಂಬಂಧ ಇಲ್ಲ.

ಈಗ ಕೇಳುವುದು ಇಷ್ಟು. ಇದನ್ನು ನಾನು ಪ್ಯಾಂಟಿನ ಜೇಬಲ್ಲಿ ಇಟ್ಟುಕೊಂಡು ಮನೆಗೆ ಬರಬಹುದಾ? ಇಷ್ಟು ಹಳೇದು, ಇಷ್ಟು ಅಪರೂಪದ್ದು, ನಂಬಬಹುದಾ? ಅಥವಾ ಹೊಸದೇ ಕೊಳ್ಳಬೇಕಾ? ಹೆಂಡತಿಗೆ ಇನ್ನೂ ಹೇಳಿಲ್ಲ.

ಕರಿಕೋಟು, ಶಿವಾಜಿನಗರ

ಶೆಟ್ಟರೇ, ಮೊದಲು ಮೊಣಕೈ ನೋಡಿಕೊಳ್ಳಿ. ಆಮೇಲೆ ಇದನ್ನು ಎರಡು ಸಲ ಓದಿ.

ಅಪ್ಪನ ಲೈಸೆನ್ಸು ಅಂದರೆ ಅಪ್ಪನದು. ರೇಷನ್ ಕಾರ್ಡ್ ಥರ ಮನೆಮಂದಿಗೆಲ್ಲ ಸೇರಿದ್ದಲ್ಲ. ನಿಮ್ಮ ಜೇಬಲ್ಲಿ ಅದು ಸಿಕ್ಕರೆ ಆರ್ಮ್ಸ್ ಆಕ್ಟ್ 25ನೇ ಸೆಕ್ಷನ್. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡವನಿಗೆ ಕನಿಷ್ಠ ಎರಡು ವರ್ಷ, ಐದು ವರ್ಷದ ತನಕ ಶಿಕ್ಷೆ. ಚೀಲ ಕಿತ್ತುಕೊಳ್ಳಲು ಬಂದವರು ಬೇಲ್ ಮೇಲೆ ಹೊರಗಿರುತ್ತಾರೆ, ನೀವು ಒಳಗಿರುತ್ತೀರಿ. ರಿಪೇರಿಗೋ ರಿನೀವಲ್‌ಗೋ ಒಯ್ಯಬೇಕಾದರೆ ಅಪ್ಪ ಜೊತೆಗಿರಬೇಕು, ಇಲ್ಲವೇ ಅವರು ಬರೆದುಕೊಟ್ಟ ಕಾಗದ ಇರಬೇಕು.

ದಾರಿ ಇದೆ. 2016ರ ಆರ್ಮ್ಸ್ ರೂಲ್ಸ್‌ನಲ್ಲಿ 25ನೇ ರೂಲ್ ನೋಡಿ. ಲೈಸೆನ್ಸುದಾರನಿಗೆ 70 ದಾಟಿದ್ದರೆ, ಅಥವಾ ಆ ಆಯುಧ ಅವನ ಹತ್ತಿರ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಕೇಳಬಹುದು. ನಿಮ್ಮ ಅಪ್ಪನಿಗೆ ಎರಡೂ ಹೊಂದುತ್ತದೆ. ನೀವು ನಿಗಡಿಯವರು, ಅಂದರೆ ಅರ್ಜಿ ಪಿಂಪ್ರಿ-ಚಿಂಚವಾಡ ಕಮಿಷನರ್ ಕಡೆಗೆ. 2018ರ ಆಗಸ್ಟ್ 15ರಿಂದ ಅದು ಬೇರೆ ಕಮಿಷನರೇಟು. ಸುಮ್ನೆ ಪುಣೆ ಆಫೀಸಿಗೆ ಹೋಗಿ ಅರ್ಧ ದಿನ ಹಾಳು ಮಾಡಿಕೊಳ್ಳಬೇಡಿ. ತರಬೇತಿ ಸರ್ಟಿಫಿಕೇಟು ಬೇಕು, ಪೊಲೀಸ್ ವಿಚಾರಣೆ ಆಗುತ್ತದೆ. ತಿಂಗಳುಗಟ್ಟಲೆ ಕಾಯಬೇಕು. ನನ್ನ ಒಬ್ಬ ಕಕ್ಷಿದಾರನ ಫೈಲು ಒಂದು ಕಚೇರಿಯಲ್ಲಿ ಎಂಟು ತಿಂಗಳು ಕೂತಿತ್ತು. ಅದರ ಮೇಲೆ ಯಾರೋ ಚಹಾ ಗ್ಲಾಸು ಇಟ್ಟು ಗುಂಡಗೆ ಕಲೆ ಮಾಡಿದ್ದರು.

ಲೈಸೆನ್ಸ್ ಸಿಕ್ಕರೂ ಬರಿ ಜೇಬಲ್ಲಿ ಇಡುವ ಹಾಗಿಲ್ಲ. ಹೋಲ್‌ಸ್ಟರ್‌ನಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು.

ಇನ್ನು ಹೊಡೆಯುವ ಮಾತು. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ಹಳೇ ಐಪಿಸಿಯ 96ರಿಂದ 106. ದರೋಡೆ ನಡೆಯುತ್ತಿರುವಾಗ ಹಕ್ಕು ದೊಡ್ಡದು, ನಿಜ. ಆದರೆ ಬೇಕಾದಷ್ಟಕ್ಕಿಂತ ಜಾಸ್ತಿ ಹಾನಿ ಮಾಡುವ ಹಾಗಿಲ್ಲ. ಚೀಲ ಬಿಟ್ಟು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಅಂತ ನಾನು ಕೋರ್ಟಲ್ಲಿ ಹೇಳಬಲ್ಲೆ, ಜಡ್ಜು ಕೇಳಬೇಕಲ್ಲ.

ತೋಕ್_ಪೂ, ಖಡಕಿ

ವಕೀಲರು ಕಾಗದದ ಮಾತು ಹೇಳಿದರು. ನಾನು ಕಬ್ಬಿಣದ ಮಾತು ಹೇಳುತ್ತೇನೆ. ನಾನು ವಿರಾಜಪೇಟೆ ಕಡೆಯವನು, ಫೌಜಿನಲ್ಲಿ ಸುಬೇದಾರನಾಗಿ ರಿಟೈರ್ ಆಗಿ ಖಡಕಿಯಲ್ಲೇ ಉಳಿದೆ. ಕೋವಿ ನಮ್ಮ ಮನೆಯಲ್ಲಿ ತೊಟ್ಟಿಲಿನಷ್ಟೇ ಹಳೇ ಸಾಮಾನು. ಕೊಡಗಿನವರಿಗೆ ಲೈಸೆನ್ಸಿನ ವಿನಾಯಿತಿ 2029ರವರೆಗೆ ಇದೆ. ಹಾಗಂತ ನಾನು ಪುಣೆಯಲ್ಲಿ ಸೊಂಟಕ್ಕೆ ಏನೂ ಕಟ್ಟಿಕೊಂಡಿಲ್ಲ. ಕಾರಣ ಕೇಳಿ.

ನಿಮ್ಮ ಪಿಸ್ತೂಲು ಕೆಟ್ಟದ್ದಲ್ಲ ಶೆಟ್ರೇ. ಜಾನ್ ಬ್ರೌನಿಂಗ್ ಮಾಡಿದ ಡಿಸೈನು. 1908ರಿಂದ 1948ರವರೆಗೆ ತಯಾರಾಯಿತು, ನಾಲ್ಕು ಲಕ್ಷಕ್ಕೂ ಜಾಸ್ತಿ. ತೂಕ 370 ಗ್ರಾಂ ಹತ್ತಿರ, ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜೀನಿಗೆ ಆರು ಗುಂಡು. ಕೋಟಿನ ಒಳಗೆ ಹಾಕುವ ವೇಸ್ಟ್‌ಕೋಟಿನ ಜೇಬಿಗೆ ಅಂತಲೇ ಮಾಡಿದ್ದು. ಆ ಕಾಲಕ್ಕೆ ಸೊಗಸಾದ ವಸ್ತು. ಹಿಡಿಯ ಹಿಂದೆ ಒಂದು ಪಟ್ಟಿ ಇದೆಯಲ್ಲ, ಅಂಗೈಯಿಂದ ಒತ್ತಿದರೆ ಒಳಗೆ ಹೋಗುತ್ತದೆ, ಅದು ಗ್ರಿಪ್ ಸೇಫ್ಟಿ. ಅದನ್ನು ಒತ್ತದೆ ಕುದುರೆ, ಅಂದರೆ ಟ್ರಿಗರ್ ಎಳೆದರೆ ಹಾರುವುದಿಲ್ಲ. ಪಕ್ಕದಲ್ಲಿ ಹೆಬ್ಬೆಟ್ಟಿನ ಸೇಫ್ಟಿ ಬೇರೆ.

ಆದರೆ ಒಳಗೆ ಇರುವುದು ಸುತ್ತಿಗೆ ಅಲ್ಲ, ಸ್ಪ್ರಿಂಗಿನ ಮೇಲೆ ನಿಂತ ಒಂದು ಮೊಳೆ. ಗುಂಡು ನಳಿಗೆಯಲ್ಲಿ ಇದ್ದರೆ ಆ ಮೊಳೆ ಹಿಂದಕ್ಕೆ ಎಳೆದುಕೊಂಡೇ ನಿಂತಿರುತ್ತದೆ. ಅದನ್ನು ತಡೆದಿರುವುದು ಸವೆದ ಒಂದು ಸಣ್ಣ ಕೊಕ್ಕೆ. ಈಗಿನ ಹೆಚ್ಚಿನ ಪಿಸ್ತೂಲುಗಳಲ್ಲಿ ಬಿದ್ದರೂ ಮೊಳೆ ಮುಂದೆ ಹೋಗದ ಹಾಗೆ ಅಡ್ಡ ಇರುತ್ತದೆ. ಇದರಲ್ಲಿ ಇಲ್ಲ. ನೀವು ಹೋದ ತಿಂಗಳು ಹೇಗೆ ಬಿದ್ದಿರಿ? ಗಾಡಿ ಸಮೇತ. ಜೇಬಲ್ಲಿ ಅದು ಇದ್ದಿದ್ದರೆ ಎಲ್ಲಿಗೆ ಗುರಿ ಇಟ್ಟಿರುತ್ತಿತ್ತು, ನೀವೇ ಯೋಚಿಸಿ.

ಸರಿ, ನಳಿಗೆ ಖಾಲಿ ಇಟ್ಟುಕೊಂಡೆ ಅನ್ನಿ. ಆಗ ಮೇಲಿನ ಸ್ಲೈಡು ಎಳೆದು ಗುಂಡು ಏರಿಸಬೇಕು. ಎರಡು ಕೈ ಬೇಕು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಚೀಲದ ಮೇಲೆ. ಮೂರನೇ ಕೈ? ಸ್ಲೈಡೂ ಬೆರಳ ತುದಿಯಲ್ಲಿ ಹಿಡಿಯುವಷ್ಟು ಸಣ್ಣದು. ದಿನವಿಡೀ ದೋಸೆ ಕಾವಲಿ ಹತ್ತಿರ ನಿಂತ ಕೈಗೆ ಎಣ್ಣೆ ಪಸೆ ಇರುತ್ತದೆ, ಜಾರುತ್ತದೆ.

ಗುಂಡಿನ ವಿಷಯ ಇದಕ್ಕಿಂತ ಮುಖ್ಯ. ಅಪರೂಪದ ಆಯುಧ ಇಟ್ಟುಕೊಂಡವರೆಲ್ಲ ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನಮ್ಮ ಖಡಕಿಯ ಆಮ್ಯುನಿಷನ್ ಫ್ಯಾಕ್ಟರಿ 1869ರಿಂದ ಇದೆ. ತೋಟಾದ ತಳದಲ್ಲಿ ಕೆಎಫ್ ಅಂತ ಇದ್ದರೆ ಅದು ಕಿರ್ಕೀ ಫ್ಯಾಕ್ಟರಿ, ಅಂದರೆ ಇದೇ. ಲೈಸೆನ್ಸುದಾರರಿಗೆ .32 ಸಿಗುತ್ತದೆ, .22 ಸಿಗುತ್ತದೆ. .25 ಹುಡುಕುತ್ತಾ ಹೋಗಿ, ಅಂಗಡಿಯವನು ಮುಖ ನೋಡಿ ನಗುತ್ತಾನೆ. ಸಿಕ್ಕಿದರೂ ಹಳೇ ವಿದೇಶಿ ಮಾಲು, ಬೆಲೆ ಅವನು ಹೇಳಿದ್ದೇ. ನಿಮ್ಮ ಕಪಾಟಿನಲ್ಲಿ ಇರುವ ಗುಂಡುಗಳ ವಯಸ್ಸೆಷ್ಟು? ಐವತ್ತು ವರ್ಷ ಪುಣೆ ಮಳೆ ಕುಡಿದ ಮದ್ದು. ಹಾರಿದರೆ ಹಾರಿತು. ಗುಂಡು ಇಲ್ಲ ಅಂದರೆ ಅಭ್ಯಾಸ ಇಲ್ಲ. ಅಭ್ಯಾಸ ಇಲ್ಲದವನ ಕೈಯಲ್ಲಿ ಅದು ನಿಮ್ಮ ಸಾಂಬಾರ್ ಸೌಟಿಗಿಂತ ಕಡೆ. ಸೌಟಾದರೂ ನಿಮಗೆ ಪಳಗಿದೆ.

ಹೊಡೆತದ ಶಕ್ತಿಯೂ ಕಮ್ಮಿ. .32 ಪಿಸ್ತೂಲಿನ ಗುಂಡಿಗೆ ಇರುವುದರಲ್ಲಿ ಹತ್ತಿರ ಹತ್ತಿರ ಅರ್ಧ. ಆ .32 ಅನ್ನೇ ದೊಡ್ಡದು ಅಂತ ಯಾರೂ ಹೇಳುವುದಿಲ್ಲ.

ಇನ್ನೊಂದು. ಕುಂಕುಮ ಹಚ್ಚಬೇಡಿ ಮಾರಾಯ್ರೆ. ನಮ್ಮಲ್ಲೂ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಇದೆ. ಆದರೆ ನಾವು ತೋಕ್ ಪೂ ಇಡುತ್ತೇವೆ, ಹೂವು. ಸಂಜೆ ತೆಗೆದರೆ ಮುಗಿಯಿತು. ಕುಂಕುಮ, ಎಣ್ಣೆ ಸೇರಿದರೆ ಸಣ್ಣ ಸಂದಿಯಲ್ಲಿ ಅಂಟಿನ ಥರ ಕೂರುತ್ತದೆ.

ಕೊಥ್ರುಡ್_ಹುಡುಗ, ಸದ್ಯ ಹ್ಯೂಸ್ಟನ್

ಸುಬೇದಾರ್ ಅಂಕಲ್ ಹೇಳಿದ್ದಕ್ಕೆ ನನ್ನದೂ ಒಂದು ಕಥೆ. ಇಲ್ಲಿ ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ದಾಟಿದ, ಕಾನೂನಿನ ಅಡ್ಡಿ ಇಲ್ಲದವರು ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಹಾಗಾಗಿ ಅಪರೂಪದ ಪಿಸ್ತೂಲಿನ ಹುಚ್ಚು ಹಿಡಿಸಿಕೊಳ್ಳುವುದು ಇಲ್ಲಿ ಸುಲಭ. ಕೊಥ್ರುಡ್‌ನಲ್ಲಿ ಹುಡುಗರು ಹಳೇ ಯಜ್ದಿ ಬೈಕು ಹುಡುಕಿದ ಹಾಗೆ.

ನನಗೆ ಹಿಡಿದದ್ದು ಹೆಕ್ಲರ್ ಅಂಡ್ ಕೋಖ್ ಕಂಪನಿಯ ಪಿ7. ಜರ್ಮನ್ ಪೊಲೀಸರಿಗೆ ಅಂತ ಎಪ್ಪತ್ತರ ದಶಕದಲ್ಲಿ ಮಾಡಿದ್ದು. ಹಿಡಿಯ ಮುಂಭಾಗವೇ ಒಂದು ಸನ್ನೆ, ಅಂದರೆ ಲಿವರ್. ನಾಲ್ಕು ಬೆರಳಿನಿಂದ ಹಿಂಡಿದರೆ ಸಜ್ಜಾಗುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಎಷ್ಟು ಚಂದದ ಐಡಿಯಾ ಅಲ್ವಾ? ಮನೆಗೆ ತಂದು ಒಂದು ವಾರ ಟಿವಿ ನೋಡುತ್ತಾ ಹಿಂಡುತ್ತಾ ಕೂತೆ. ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುವಾಗ ಒಂದು ದಿನ, ಅವಸರದಲ್ಲಿ ಹಿಡಿ ಹಿಂಡುವಾಗಲೇ ತೋರುಬೆರಳೂ ಜೊತೆಗೆ ಹಿಂಡಿತು. ಟಿಕ್. ನಳಿಗೆ ನನ್ನ ಪಾದದ ಕಡೆ ಇತ್ತು. ಅವತ್ತು ಅದನ್ನು ತಿಜೋರಿಯಲ್ಲಿ ಇಟ್ಟವನು ಈಗ ಶೂಟಿಂಗ್ ರೇಂಜಿಗೆ ಮಾತ್ರ ಒಯ್ಯುತ್ತೇನೆ. ಅಲ್ಲೂ ಒಂದು ಪೆಟ್ಟಿಗೆ ಗುಂಡು ಹಾರಿಸುವಷ್ಟರಲ್ಲಿ ಕುದುರೆಯ ಮೇಲ್ಭಾಗ ಕೈ ಸುಡುವಷ್ಟು ಕಾಯುತ್ತದೆ. ಗುಂಡಿನ ಬಿಸಿ ಗಾಳಿ ಅಲ್ಲೇ ಒಂದು ಕೊಳವೆಗೆ ಬರುತ್ತದೆ, ಅದಕ್ಕೆ. 2008ಕ್ಕೆ ತಯಾರಿಕೆ ನಿಂತಿತು. ಒಂದು ಮ್ಯಾಗಜೀನಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹೋಲ್‌ಸ್ಟರ್ ಬರಲು ಎರಡು ತಿಂಗಳು ಕಾದೆ.

ಶೆಟ್ರೇ, ನಿಮ್ಮ ಥರದ ಪುಟ್ಟದ್ದೇ ಬೇಕು ಅನ್ನುವವರು ಇಲ್ಲಿ ಬೆರೆಟ್ಟಾ ಟಾಮ್‌ಕ್ಯಾಟ್ ನೋಡುತ್ತಾರೆ, .32. ಒಂದು ಸನ್ನೆ ಒತ್ತಿದರೆ ನಳಿಗೆಯೇ ಮೇಲಕ್ಕೆ ಬಾಗಿಲಿನ ಹಾಗೆ ಎದ್ದು ನಿಲ್ಲುತ್ತದೆ. ಗುಂಡನ್ನು ನೇರ ಕೈಯಿಂದ ಇಡಬಹುದು, ಸ್ಲೈಡು ಎಳೆಯುವ ಕೆಲಸ ಇಲ್ಲ. ಕೈಯಲ್ಲಿ ಬಲ ಇಲ್ಲದ ಅಜ್ಜಂದಿರಿಗೆ ಇಷ್ಟ. ಇಟಲಿಯ ಕಿಯಾಪ್ಪಾ ರೈನೋ ಅಂತ ಒಂದು ರಿವಾಲ್ವರ್ ಇದೆ. ಹೆಚ್ಚಿನ ರಿವಾಲ್ವರ್‌ಗಳಲ್ಲಿ ಗುಂಡು ಮೇಲಿನ ಕೋಣೆಯಿಂದ ಹೋಗುತ್ತದೆ, ಇದರಲ್ಲಿ ಕೆಳಗಿನ ಕೋಣೆಯಿಂದ. ಅದಕ್ಕೆ ಮೂತಿ ಮೇಲಕ್ಕೆ ನೆಗೆಯುವುದು ಕಮ್ಮಿ. ನೋಡಲು ಮಾತ್ರ ಮಿಕ್ಸಿ ಜಾರನ್ನು ತಲೆಕೆಳಗೆ ಮಾಡಿದ ಹಾಗೆ ಕಾಣುತ್ತದೆ.

ಇವೆಲ್ಲ ಚಂದ. ಆದರೆ ನಾನು ದಿನಾ ಸೊಂಟಕ್ಕೆ ಹಾಕುವುದು ಊರಲ್ಲಿ ಎಲ್ಲರ ಹತ್ತಿರ ಇರುವ ಮಾಮೂಲಿ 9 ಎಂಎಂ. ಅಂದ ಹಾಗೆ ಆ 9 ಎಂಎಂ ಭಾರತದಲ್ಲಿ ನಿಷೇಧಿತ ಬೋರು. ನನ್ನ ಮಾತು ಕೇಳಿ ಅಲ್ಲಿ ಹೋಗಿ ಕೇಳಬೇಡಿ.

ಇಡ್ಲಿ_ಅಕ್ಕ, ಪಿಂಪ್ರಿ

ಶೆಟ್ಟಿ ಅಣ್ಣ, ನಾನೂ ಕೇಟರಿಂಗ್ ನಡೆಸುವವಳು. ಗಂಡಸರೆಲ್ಲ ನಳಿಗೆ, ಮೊಳೆ ಅಂತ ಇಷ್ಟು ಬರೆದಿರಿ, ಒಬ್ಬರೂ ಕೇಳಲಿಲ್ಲ. ಆ ಒಂಬತ್ತು ಸಾವಿರವನ್ನು ರಾತ್ರಿ ಹನ್ನೊಂದೂವರೆಗೆ ನಿಗಡಿಗೆ ಯಾಕೆ ತರಬೇಕು? ಮುಕ್ಕಾಲು ವ್ಯಾಪಾರ ಈಗ ಯುಪಿಐಯಲ್ಲೇ ಅಲ್ವಾ? ಗೋಡೆಗೆ ಕಚ್ಚಿಸುವ ಸಣ್ಣ ತಿಜೋರಿ ಹಾಕಿಸಿ, ಬೆಳಿಗ್ಗೆ ಬ್ಯಾಂಕಿಗೆ ಕಟ್ಟಿ. ನಾನು ಹಾಗೇ ಮಾಡುವುದು. ಮತ್ತೆ ಅತ್ತಿಗೆಗೆ ಹೇಳಿ. ಹೇಳದೆ ಕಪಾಟಿನಿಂದ ತೆಗೆಯುವ ಯಾವ ವಸ್ತುವೂ ಒಳ್ಳೆಯದಲ್ಲ.

ಗಲ್ಲಾ_ಶೆಟ್ಟಿ, ನಿಗಡಿ

ಅಕ್ಕ, ಹೇಳಿದೆ. ಎರಡು ದಿನ ಮಾತಿಲ್ಲ. ತಿಜೋರಿಗೆ ಆರ್ಡರ್ ಕೊಟ್ಟಾಯಿತು.

ಸುಬೇದಾರರೇ, ನಿಮ್ಮ ಮೂರನೇ ಕೈ ಪ್ರಶ್ನೆ ಓದಿ ಮಧ್ಯರಾತ್ರಿ ಒಬ್ಬನೇ ನಕ್ಕೆ. ಆದರೂ ಒಂದು ಕೇಳುತ್ತೇನೆ. ಲೈಸೆನ್ಸ್ ನನ್ನ ಹೆಸರಿಗೆ ಆದ ಮೇಲೆ ಹೊಸದು ಕೊಳ್ಳುವುದಾದರೆ ಯಾವುದು? ನಿರ್ಭೀಕ್ ಅಂತ ಪೇಪರಲ್ಲಿ ಓದಿದ್ದೆ.

ತೋಕ್_ಪೂ, ಖಡಕಿ

ನಿರ್ಭೀಕ್ 2014ರಲ್ಲಿ ಕಾನ್ಪುರದ ಸರ್ಕಾರಿ ಫ್ಯಾಕ್ಟರಿಯಿಂದ ಬಂತು. ಅರ್ಧ ಕೇಜಿ, .32 ರಿವಾಲ್ವರ್, ಹೆಂಗಸರಿಗೆ ಅಂತ ಪ್ರಚಾರ ಮಾಡಿದ್ದರು. ಆಗಲೇ ಬೆಲೆ ಲಕ್ಷ ದಾಟಿತ್ತು. ಬಂಗಾಳದ ಈಶಾಪುರ ಫ್ಯಾಕ್ಟರಿಯದ್ದು ನಿಡರ್, .22, 250 ಗ್ರಾಂ, ಇನ್ನೂ ಹಗುರ. 2023ರಲ್ಲಿ ಪ್ರಬಲ್ ಬಂತು. ಹಳೇ ಸರ್ಕಾರಿ ರಿವಾಲ್ವರು ನಡುವೆ ಮುರಿದು ತೆರೆಯುವಂಥದ್ದು. ಇದರಲ್ಲಿ ಗುಂಡಿನ ಚಕ್ರ ಪಕ್ಕಕ್ಕೆ ಹೊರಳುತ್ತದೆ.

ಕೊಳ್ಳುವುದಾದರೆ ರಿವಾಲ್ವರ್ ನೋಡಿ. ಒಂದು ಗುಂಡು ಹಾರದಿದ್ದರೆ ಮತ್ತೆ ಕುದುರೆ ಎಳೆಯಿರಿ, ಮುಂದಿನದು ಬರುತ್ತದೆ. ಪಿಸ್ತೂಲಿನ ಹಾಗೆ ಸಿಕ್ಕಿಕೊಂಡು ಕೂರುವುದಿಲ್ಲ. ಗುಂಡು ಕೊಳ್ಳುವಾಗ ಮಾತ್ರ ಹುಷಾರು. ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ. ರಿವಾಲ್ವರಿನದು ಉದ್ದ, ತಳದಲ್ಲಿ ಅಂಚು ಹೊರಗೆ ಚಾಚಿರುತ್ತದೆ. ಬರಿ '32 ಕೊಡಿ' ಅನ್ನಬೇಡಿ.

ಆದರೆ ನನ್ನನ್ನು ಕೇಳಿದರೆ, ಮೊದಲು ಆ ಕೋಲ್ಟನ್ನು ಅಪ್ಪನ ಜೊತೆ ಲೈಸೆನ್ಸ್ ಇರುವ ಡೀಲರ್ ಹತ್ತಿರ ಒಯ್ದು ಬಿಚ್ಚಿಸಿ. ಒಳಗೆ ಏನಿದೆ ನೋಡಿ. ಗುಂಡು ಎಣಿಸಿ ಪುಸ್ತಕಕ್ಕೆ ತಾಳೆ ಹಾಕಿ. ಹೆಸರು ಬದಲಾಯಿಸುವಾಗ ಅದನ್ನೇ ಮೊದಲು ಕೇಳುತ್ತಾರೆ.

ಗಲ್ಲಾ_ಶೆಟ್ಟಿ, ನಿಗಡಿ

ಮೂರು ವಾರ ಆಯಿತು, ಹೇಳಲು ಬಂದೆ.

ಅಪ್ಪನನ್ನು ಕರೆದುಕೊಂಡು ಕ್ಯಾಂಪ್ ಕಡೆ ಒಬ್ಬ ಡೀಲರ್ ಹತ್ತಿರ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಪಂಚೆ, ಶರ್ಟು ಹಾಕಿ ತಯಾರು, ಮದುವೆಗೆ ಹೊರಟ ಹಾಗೆ. ಡೀಲರ್ ಅಂಗಡಿಯ ಮುದುಕ ಮಿಸ್ತ್ರಿ ಒಂದು ಹಳೇ ಟವೆಲ್ ಹಾಸಿ, ಮ್ಯಾಗಜೀನ್ ತೆಗೆದು, ನಳಿಗೆ ಖಾಲಿ ಅಂತ ಎರಡು ಸಲ ನೋಡಿ ಬಿಚ್ಚಿದ. ಟವೆಲ್ ಮೇಲೆ ಕೆಂಪು ಪುಡಿ ಉದುರಿತು. ಐವತ್ತು ಆಯುಧಪೂಜೆಯ ಕುಂಕುಮ. ಮಿಸ್ತ್ರಿ ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದ, ಆಮೇಲೆ ಅಪ್ಪನ ಮುಖ ನೋಡಿದ. ಮೊಳೆಯ ಸ್ಪ್ರಿಂಗ್ ಸೋತಿದೆಯಂತೆ, ಕೊಕ್ಕೆಯ ಮೂಲೆ ದುಂಡಗಾಗಿದೆಯಂತೆ. ಗುಂಡು ಹಾಕಿ ಇಟ್ಟುಕೊಳ್ಳಲೇಬೇಡಿ ಅಂದ.

ಸದ್ಯ ಅದನ್ನು ಅಲ್ಲೇ ಇಟ್ಟು ರಸೀದಿ ತಂದಿದ್ದೇವೆ. ಹೆಸರು ಬದಲಾವಣೆಗೆ ಅರ್ಜಿ ಹಾಕಿದೆ, ಅಪ್ಪನ ವಸ್ತು ಅಂತ, ಅಷ್ಟೇ. ಹೊಸ ರಿವಾಲ್ವರ್ ಬೇಡ. ರಾತ್ರಿ ಹತ್ತೂವರೆಗೆ ಮುಚ್ಚುತ್ತೇನೆ, ದೋಸೆ ಹುಡುಗ ಪಿಂಪ್ರಿ ತನಕ ನನ್ನ ಹಿಂದೆ ಕೂತು ಬರುತ್ತಾನೆ, ಚೀಲದಲ್ಲಿ ತರಕಾರಿ ಚೀಟಿ ಮಾತ್ರ.

ಗುಂಡಿನ ಲೆಕ್ಕ ಮರೆತಿದ್ದೆ. ಪುಸ್ತಕದಲ್ಲಿ ಕೊಂಡದ್ದು 25. ಪೆಟ್ಟಿಗೆಯಲ್ಲಿ 19. ಅಂಗಡಿಯಲ್ಲೇ ಅಪ್ಪನನ್ನು ಕೇಳಿದೆ. ಮಾತಾಡಲಿಲ್ಲ. ವಾಪಸ್ ಬರುವಾಗ ರಿಕ್ಷಾದಲ್ಲಿ, ಹ್ಯಾರಿಸ್ ಬ್ರಿಜ್ ಮೇಲೆ, ತಾವಾಗಿಯೇ ಬಾಯಿಬಿಟ್ಟರು. ಕೊಂಡ ಮರುವರ್ಷ ಕಾರ್ಕಳಕ್ಕೆ ಹೋದಾಗ ಮನೆ ಹಿಂದಿನ ಹಲಸಿನ ಮರಕ್ಕೆ ಹತ್ತು ಹೆಜ್ಜೆ ದೂರದಿಂದ ಹೊಡೆದು ನೋಡಿದ್ದರಂತೆ. ಆರೂ ಗುಂಡು.

ಎಷ್ಟು ತಾಗಿತು ಅಂತ ಕೇಳಿದೆ.

"ಎರಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಒಂದು ಪಕ್ಕದ ಮರಕ್ಕೆ" ಅಂದರು.